ಟೈಮ್‌ಟೇಬಲ್ ಹಾಕಿ ಹಾಕಿ ಸಾಕಾಯ್ತು: ನನ್ನ ಕೆಲಸದ ರೀತಿ ಯಾವುದು ಅಂತ ತಿಳಿಯೋದು ಹೇಗೆ?

ಮಧ್ಯರಾತ್ರಿ_ಗೂಬೆ

ಸ್ವಲ್ಪ ಉದ್ದ ಬರೀತಿದ್ದೀನಿ, ಸಹಿಸ್ಕೊಳ್ಳಿ.

ಯಂತ್ರಗಳನ್ನ ಬಳಸೋದು ಹೇಗೆ ಅನ್ನೋ ಕೈಪಿಡಿಗಳಿರುತ್ತಲ್ಲ, ಅವನ್ನ ಬರೆಯೋದು ನನ್ನ ಕೆಲಸ. ಕೊಟ್ಟ ದಿನಕ್ಕೆ ಹೆಚ್ಚುಕಡಿಮೆ ಮುಗಿಸ್ತೀನಿ, ಇಲ್ಲಿವರೆಗೆ ಯಾರೂ ಬೈದಿಲ್ಲ. ಆದರೆ ಅದು ಮುಗಿಯೋ ರೀತಿ ನೋಡಿದರೆ ನನಗೇ ನಾಚಿಕೆ. ಬೆಳಗ್ಗೆ ಒಂಬತ್ತಕ್ಕೆ ಕೂತವನು ಸಂಜೆ ಆರಕ್ಕೆ ನೋಡಿದರೆ ಒಂದೂವರೆ ಪುಟ. ರಾತ್ರಿ ಹತ್ತು ದಾಟಿದ ಮೇಲೆ ತಲೆ ಬಿಚ್ಚಿಕೊಳ್ಳುತ್ತೆ, ಒಂದು ಗಂಟೆವರೆಗೆ ಕೂತರೆ ಇಡೀ ಅಧ್ಯಾಯ. ಮಾರನೇ ದಿನ ಕಣ್ಣಿಗೆ ಮರಳು ಸುರಿದ ಹಾಗೆ.

ಐದು ವರ್ಷದಲ್ಲಿ ಏನೇನೋ ಮಾಡಿದೆ. ಬೆಳಗ್ಗೆ ಐದಕ್ಕೆ ಏಳೋದು (ಹನ್ನೊಂದು ದಿನ ನಡೀತು). ಇಪ್ಪತ್ತೈದು ನಿಮಿಷಕ್ಕೆ ಟೈಮರ್ ಇಟ್ಟು ಕೆಲಸ ಮಾಡಿ, ಅದು ಹೊಡೆದಾಗ ಬಿಡುವು ತಗೊಳ್ಳೋದು (ಮೂರು ವಾರ). ಬಣ್ಣಬಣ್ಣದ ಕ್ಯಾಲೆಂಡರ್ (ಬಣ್ಣ ಹಚ್ಚೋದರಲ್ಲೇ ಒಂದು ಭಾನುವಾರ ಹೋಯ್ತು, ಸೋಮವಾರದಿಂದ ತೆರೆದೇ ನೋಡಲಿಲ್ಲ).

ಹೋದ ತಿಂಗಳು ಆಫೀಸಲ್ಲಿ ಎಲ್ಲರಿಗೂ ಒಂದು ಪರೀಕ್ಷೆ ಕೊಟ್ಟರು. ನಲವತ್ತು ಪ್ರಶ್ನೆಗೆ ಟಿಕ್ ಹಾಕಿದರೆ ನಿಮ್ಮದು ಇಂಥ ಬಣ್ಣ, ಇಂಥ ಶೈಲಿ ಅಂತ ಬರುತ್ತೆ. ನನಗೆ "ಒತ್ತಡದಲ್ಲಿ ಅರಳುವವರು" ಅಂತ ಬಂತು. ಹೋದ ವರ್ಷ ಇಂಥದ್ದೇ ಇನ್ನೊಂದರಲ್ಲಿ "ಯೋಜನೆ ಹಾಕಿ ನಡೆಯುವವರು" ಅಂತ ಬಂದಿತ್ತು. ಯಾವುದನ್ನ ನಂಬಲಿ? ಕೆಲಸದ ರೀತಿ ಅಂತ ಒಂದು ನಿಜವಾಗ್ಲೂ ಇದೆಯಾ, ಇಲ್ಲಾ ಸೋಮಾರಿತನಕ್ಕೆ ಇಟ್ಟಿರೋ ಚಂದದ ಹೆಸರಾ?

ಪಟ್ಟಿಪ್ರಿಯೆ

ಹನ್ನೊಂದು ದಿನಕ್ಕೆ ಕೈಬಿಟ್ಟರೆ ಯಾವ ಅಭ್ಯಾಸವೂ ಹತ್ತಲ್ಲ ಸರ್. ನಾನು ಆರು ವರ್ಷದಿಂದ ಐದಕ್ಕೆ ಏಳ್ತಿದ್ದೀನಿ. ಹಿಂದಿನ ರಾತ್ರಿಯೇ ಪಟ್ಟಿ ರೆಡಿ. ಎದ್ದ ತಕ್ಷಣ ನಾಲ್ಕು ಚೌಕ ಹಾಕ್ಕೊಳ್ತೀನಿ: ತುರ್ತೂ ಹೌದು ಮುಖ್ಯವೂ ಹೌದು, ಮುಖ್ಯ ಆದರೆ ತುರ್ತಲ್ಲ, ತುರ್ತು ಆದರೆ ಮುಖ್ಯವಲ್ಲ, ಎರಡೂ ಅಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಹೆಸರಲ್ಲಿ ಓಡಾಡುತ್ತಲ್ಲ, ಅದೇ. ಹತ್ತು ಗಂಟೆ ಅಷ್ಟೊತ್ತಿಗೆ ದಿನದ ದೊಡ್ಡ ಕೆಲಸ ಮುಗಿದಿರುತ್ತೆ.

ಅರ್ಧ_ಓದಿದವ

ಮೇಡಂ, ನಿಮಗೆ ಹತ್ತಿದ್ದು ಎಲ್ಲರಿಗೂ ಹತ್ತಬೇಕು ಅಂತಿಲ್ಲ. ಬೆಳಗಿನ ಜನ, ರಾತ್ರಿ ಜನ ಅನ್ನೋದು ಬರೀ ಶಿಸ್ತಿನ ಮಾತಲ್ಲ. 1976ರಲ್ಲೇ ಹಾರ್ನ್ ಮತ್ತು ಓಸ್ಟ್‌ಬರ್ಗ್ ಅನ್ನೋರು ಇದನ್ನ ಅಳೆಯೋಕೆ 19 ಪ್ರಶ್ನೆಗಳ ಪಟ್ಟಿ ಮಾಡಿದ್ದರು, ಈಗಲೂ ಬಳಕೆಯಲ್ಲಿದೆ. ಜೀವಕೋಶದ ಒಳಗೇ ಒಂದು ಗಡಿಯಾರ ಹೇಗೆ ತಿರುಗುತ್ತೆ ಅಂತ ಹಣ್ಣುನೊಣದಲ್ಲಿ ಕಂಡುಹಿಡಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಆ ಗಡಿಯಾರ ಎಲ್ಲರಲ್ಲೂ ಒಂದೇ ಹೊತ್ತಿಗೆ ಹೊಂದಿಸಿರಲ್ಲ. ವಯಸ್ಸಿನ ಜೊತೆನೂ ಸರಿಯುತ್ತೆ: ಹದಿಹರೆಯದ ಕೊನೆಯಲ್ಲಿ ಅತಿ ತಡ, ಆಮೇಲೆ ನಿಧಾನಕ್ಕೆ ಬೆಳಗಿನ ಕಡೆಗೆ. ಇಪ್ಪತ್ತರಲ್ಲಿ ಮಾಡಿದ ಟೈಮ್‌ಟೇಬಲ್ ನಲವತ್ತೈದಕ್ಕೆ ಒಗ್ಗದಿದ್ದರೆ ಆಶ್ಚರ್ಯ ಇಲ್ಲ.

ಇನ್ನು ಬಣ್ಣದ ಪರೀಕ್ಷೆ. ಆಫೀಸುಗಳಲ್ಲಿ ಓಡಾಡೋ ಇಂಥ ಪರೀಕ್ಷೆಗಳ ಬೇರು ಹುಡುಕಿದರೆ ಸಾಮಾನ್ಯವಾಗಿ ಎರಡು ಕಡೆ ಹೋಗಿ ನಿಲ್ತೀರಿ. ಒಂದು, 1921ರಲ್ಲಿ ಕಾರ್ಲ್ ಯೂಂಗ್ ಮಾಡಿದ ಮನಸ್ಸಿನ ವಿಂಗಡಣೆ. ಅದನ್ನ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್ ಅನ್ನೋರು ಪ್ರಶ್ನಾವಳಿ ಮಾಡಿದರು. ಇನ್ನೊಂದು, 1928ರಲ್ಲಿ ವಿಲಿಯಂ ಮಾರ್ಸ್ಟನ್ ಬರೆದ ನಾಲ್ಕು ಬಗೆಯ ವರ್ತನೆಯ ಸಿದ್ಧಾಂತ. (ಇದೇ ಮಾರ್ಸ್ಟನ್ ಮುಂದೆ ವಂಡರ್ ವುಮನ್ ಅನ್ನೋ ಕಾಮಿಕ್ಸ್ ಪಾತ್ರವನ್ನೂ ಹುಟ್ಟಿಸಿದ. ಮನುಷ್ಯನಿಗೆ ಕಲ್ಪನೆಗೇನು ಬರ ಇರಲಿಲ್ಲ.) ತೊಂದರೆ ಏನಪ್ಪಾ ಅಂದರೆ ಹೆಚ್ಚಿನ ಜನ ನಡುವೆ ಎಲ್ಲೋ ಇರ್ತಾರೆ. ನಡುಗೆರೆಯ ಹತ್ತಿರ ನಿಂತವನು ಇವತ್ತು ಎರಡು ಟಿಕ್ ಆಚೆ ಹಾಕಿದರೆ ಒಂದು ಡಬ್ಬಿ, ನಾಳೆ ಈಚೆ ಹಾಕಿದರೆ ಇನ್ನೊಂದು. ಗೂಬೆಯವರಿಗೆ ಆಗಿರೋದು ಅದೇ ಇರಬೇಕು.

ಮೊದಲು ಒಂದು ಸಣ್ಣ ಕೆಲಸ ಮಾಡಿ. ಅಲಾರಂ ಇಲ್ಲದ ರಜಾದಿನಗಳಲ್ಲಿ ಎಷ್ಟಕ್ಕೆ ಮಲಗಿ ಎಷ್ಟಕ್ಕೆ ತಾನಾಗಿ ಎಚ್ಚರ ಆಗುತ್ತೆ ಅಂತ ಬರ್ಕೊಳ್ಳಿ. ನಲವತ್ತು ಪ್ರಶ್ನೆಗಿಂತ ಅದು ಹೆಚ್ಚು ಹೇಳುತ್ತೆ.

ಕಡ್ಡಿಮುರಿದ_ಮಾತು

ಇಷ್ಟೆಲ್ಲ ಯಾಕೆ? ಸೋಮಾರಿತನ ಅಷ್ಟೇ. ನಮ್ಮಪ್ಪಂಗೆ ಯಾವ ಶೈಲಿನೂ ಇರಲಿಲ್ಲ, ಕೆಲಸ ಮಾಡ್ತಿದ್ದರು.

ನಿವೃತ್ತ_ಮೇಷ್ಟ್ರು

ಕಡ್ಡಿಯವರೇ, ಸೋಮಾರಿ ಆದವನು ರಾತ್ರಿ ಒಂದು ಗಂಟೆವರೆಗೆ ಕೂತು ಅಧ್ಯಾಯ ಮುಗಿಸುವುದಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಪಾಠ ಒಪ್ಪಿಸದೆ ಮುಂದೂಡುತ್ತಿದ್ದ ಮಕ್ಕಳಲ್ಲಿ ಸೋಮಾರಿಗಳು ಬಹಳ ಕಡಿಮೆ ಇದ್ದರು. ಹೆಚ್ಚಿನವರು ತಪ್ಪಾದೀತು ಎಂದು ಹೆದರಿದವರು. ಕೆಲಸದ ಜೊತೆ ಬರುವ ಬೇಡದ ಭಾವನೆಯಿಂದ ಆ ಕ್ಷಣಕ್ಕೆ ತಪ್ಪಿಸಿಕೊಳ್ಳಲು ಜನ ಮುಂದೂಡುತ್ತಾರೆ ಎಂದು ಸಿರೋಯಿಸ್ ಮತ್ತು ಪಿಚಿಲ್ ಎಂಬಿಬ್ಬರು 2013ರಲ್ಲಿ ವಾದಿಸಿದ್ದನ್ನು ಓದಿದಾಗ ನನ್ನ ತರಗತಿಯ ಹಿಂದಿನ ಬೆಂಚು ಕಣ್ಣ ಮುಂದೆ ಬಂತು.

ಆತುರಗಾರ

ನಂದು ಉಲ್ಟಾ ಕಾಯಿಲೆ, ಅದನ್ನೂ ಈ ಲೆಕ್ಕಕ್ಕೆ ಸೇರಿಸ್ಕೊಳ್ಳಿ.

ನಾನು ಏನನ್ನೂ ಮುಂದೂಡಲ್ಲ. ಮೇಲ್ ಬಂದ ಎರಡು ನಿಮಿಷಕ್ಕೆ ಉತ್ತರ. ಫಾರಂ ಬಂದರೆ ಅವತ್ತೇ ತುಂಬಿ ಕಳಿಸ್ತೀನಿ, ಮೂರು ದಿನಕ್ಕೆ ಅದರಲ್ಲಿ ತಿದ್ದುಪಡಿ ಬರುತ್ತೆ, ಮತ್ತೆ ತುಂಬ್ತೀನಿ. ಎಲ್ಲರೂ "ಎಷ್ಟು ಚುರುಕಪ್ಪಾ" ಅಂತಾರೆ. ವಾರದ ಕೊನೆಗೆ ನೋಡಿದರೆ ಸಣ್ಣಸಣ್ಣದ್ದು ನೂರು ಮುಗಿದಿರುತ್ತೆ, ದೊಡ್ಡದೊಂದು ಹಾಗೇ ಕೂತಿರುತ್ತೆ.

2014ರಲ್ಲಿ ರೋಸೆನ್‌ಬಾಮ್ ಅನ್ನೋರು ಮತ್ತವರ ಸಹೋದ್ಯೋಗಿಗಳು ಮಾಡಿದ ಒಂದು ಪ್ರಯೋಗ ಓದಿ ನನ್ನನ್ನೇ ಕನ್ನಡಿಯಲ್ಲಿ ನೋಡಿದ ಹಾಗಾಯ್ತು. ದಾರಿಯ ಎರಡು ಬದಿಗೆ ಎರಡು ಬಕೆಟ್ ಇಟ್ಟಿದ್ದರು, ಒಂದು ಹತ್ತಿರ, ಇನ್ನೊಂದು ದೂರ. ಯಾವುದಾದರೂ ಒಂದನ್ನ ಎತ್ಕೊಂಡು ಕೊನೆವರೆಗೆ ಹೋಗಿ ಇಡಬೇಕು. ದೂರದ್ದನ್ನ ಎತ್ತಿಕೊಂಡರೆ ಹೊರೋ ದೂರ ಕಡಿಮೆ, ಅಲ್ವಾ? ಆದರೆ ಹೆಚ್ಚಿನವರು ಎತ್ತಿದ್ದು ಹತ್ತಿರದ್ದನ್ನ. ಯಾಕೆ ಅಂದರೆ ಬೇಗ ಮುಗಿಸಿಬಿಡೋಣ ಅಂತ! ಎತ್ತಿದ ಕೂಡಲೇ ಅರ್ಧ ಕೆಲಸ ಆಯ್ತು ಅನ್ನಿಸುತ್ತಂತೆ. ದಿನವಿಡೀ ನಾನು ಹೊರೋದು ಆ ಬಕೆಟ್‌ಗಳನ್ನೇ.

ಹಾಗಾಗಿ ಪಟ್ಟಿಪ್ರಿಯೆಯವರೇ, ಪಟ್ಟಿ ನನಗೆ ಔಷಧಿ ಅಲ್ಲ, ರೋಗ. ಟಿಕ್ ಹಾಕೋ ಖುಷಿಗೆ ಮುಗಿಸಿದ ಕೆಲಸವನ್ನೂ ಪಟ್ಟಿಗೆ ಸೇರಿಸಿ ಹೊಡೆದು ಹಾಕ್ತೀನಿ.

ಪಟ್ಟಿಪ್ರಿಯೆ

ಅದನ್ನ ನಾನೂ ಮಾಡ್ತೀನಿ. ಇಲ್ಲಿ ಹೇಳಬಾರದಿತ್ತು.

ಗಡಿಯಾರದ_ಮುಳ್ಳು

ಹತ್ತು ವರ್ಷದಿಂದ ಬೇರೆಯವರ ಕೆಲಸಕ್ಕೆ ದಿನ ಲೆಕ್ಕ ಹಾಕೋದು ನನ್ನ ಉದ್ಯೋಗ. ಶೈಲಿ, ಬಣ್ಣ ಎಲ್ಲಾ ಬಿಡಿ, ನಾನು ಕೇಳೋದು ಒಂದೇ. ಎರಡು ಗಂಟೆ ಸಾಕು ಅಂತ ನೀವು ಅಂದುಕೊಂಡ ಕೆಲಸಕ್ಕೆ ನಿಜವಾಗಿ ಎಷ್ಟು ಹೊತ್ತು ಹಿಡಿಯುತ್ತೆ?

ಯಾರಿಗೂ ಗೊತ್ತಿರಲ್ಲ. ಕಾನಮನ್ ಮತ್ತು ಟ್ವೆರ್ಸ್ಕಿ ಅನ್ನೋ ಮನಶ್ಶಾಸ್ತ್ರಜ್ಞರು 1979ರಲ್ಲೇ ಈ ತಪ್ಪಿಗೆ ಹೆಸರಿಟ್ಟರು, ಯೋಜನೆಯ ಭ್ರಮೆ ಅನ್ನಬಹುದು. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪ್ರಬಂಧ ಬರೀತಿದ್ದ ವಿದ್ಯಾರ್ಥಿಗಳನ್ನ ಎಷ್ಟು ದಿನದಲ್ಲಿ ಮುಗಿಸ್ತೀರಿ ಅಂತ ಕೇಳಿದರು. ಸರಾಸರಿ ಉತ್ತರ 34 ದಿನ. ಎಲ್ಲವೂ ಕೆಟ್ಟರೆ? ಅಂದಾಗ 49 ದಿನ ಅಂದರು. ನಿಜವಾಗಿ ಹಿಡಿದದ್ದು 55ಕ್ಕಿಂತ ಹೆಚ್ಚು. ಎಲ್ಲವೂ ಕೆಡುತ್ತೆ ಅಂತ ಇಟ್ಟುಕೊಂಡ ಲೆಕ್ಕವೂ ಸಾಲಲಿಲ್ಲ ನೋಡಿ.

ನೀವು ಸೋತಿರೋದು ಟೈಮ್‌ಟೇಬಲ್ ಪಾಲಿಸೋದರಲ್ಲಿ ಅಲ್ಲ ಗೂಬೆಯವರೇ. ಹಾಕುವಾಗಲೇ ಅದು ಆಗದ ಟೈಮ್‌ಟೇಬಲ್ ಆಗಿತ್ತು. ಒಂದು ಹಾಳೆ ತಗೊಳ್ಳಿ. ಕೆಲಸ ಶುರು ಮಾಡೋ ಮುಂಚೆ ಅಂದಾಜು ಬರೀರಿ, ಮುಗಿದ ಮೇಲೆ ನಿಜ ಬರೀರಿ. ಎರಡು ವಾರಕ್ಕೆ ನಿಮ್ಮದೇ ಒಂದು ಗುಣಕ ಸಿಗುತ್ತೆ, ಅಂದಾಜಿನ ಎಷ್ಟು ಪಟ್ಟು ಹೊತ್ತು ನಿಜವಾಗಿ ಹಿಡಿಯುತ್ತೆ ಅನ್ನೋದು. ನಂದು 1.7. ಬರವಣಿಗೆಗೆ 2.5, ಅದಕ್ಕೇ ಬರವಣಿಗೆ ಕೆಲಸ ಅಂದರೆ ಓಡ್ತೀನಿ.

ಎರಡು_ಮಕ್ಕಳ_ಅಮ್ಮ

ಎರಡು ದಿನದಿಂದ ಓದ್ತಿದ್ದೀನಿ. ಓದಿದ್ದು ಹನ್ನೊಂದು ಸಲ, ಯಾಕೆ ಅಂದರೆ ಪ್ರತಿ ಸಲ ಯಾರಾದರೂ ಕರೀತಾರೆ.

ನೀವೆಲ್ಲ ಮಾತಾಡ್ತಿರೋದು ನಿಮ್ಮ ಸಮಯ ನಿಮ್ಮದೇ ಅನ್ನೋ ಲೆಕ್ಕದಲ್ಲಿ. ನಾನು ಮನೆಯಲ್ಲೇ ಕೂತು ಅನುವಾದ ಮಾಡೋಳು. ಮಕ್ಕಳು ಚಿಕ್ಕವರು, ಅತ್ತೆಗೆ ಮೈ ಹುಷಾರಿಲ್ಲ. ನಾನು ಬೆಳಗಿನವಳಾ ರಾತ್ರಿಯವಳಾ ಅಂತ ಕೇಳಿದರೆ ಉತ್ತರ: ಯಾರೂ ಕರೆಯದಾಗಿನವಳು. ಈ ಇಪ್ಪತ್ತೈದು ನಿಮಿಷದ ಪದ್ಧತಿ ಓದಿದಾಗ ನಕ್ಕಿದ್ದೆ. ಇಪ್ಪತ್ತೈದು ನಿಮಿಷ ಒಟ್ಟಿಗೆ ಸಿಗೋ ಹಾಗಿದ್ದರೆ ಪದ್ಧತಿ ಯಾಕೆ ಬೇಕು?

ಆದರೂ ಒಂದು ಕಲ್ತಿದ್ದೀನಿ, ಯಾರೂ ಹೇಳಿಕೊಟ್ಟಿದ್ದಲ್ಲ. ಕರೆದ ತಕ್ಷಣ ಏಳಲ್ಲ. "ಬಂದೆ" ಅಂತ ಕೂಗಿ, ಮುಂದೆ ಬರೋ ವಾಕ್ಯ ಹೀಗಿರಬೇಕು ಅಂತ ಮೂರು ಪದ ಬರೆದು ಏಳ್ತೀನಿ. ಹತ್ತು ಸೆಕೆಂಡ್. ವಾಪಸ್ ಬಂದಾಗ ಎಲ್ಲಿದ್ದೆ ಅಂತ ಹುಡುಕೋದು ತಪ್ಪುತ್ತೆ. ಮೊದಲು ಇಡೀ ಪ್ಯಾರಾ ಮತ್ತೆ ಓದಬೇಕಿತ್ತು.

ಅರ್ಧ_ಓದಿದವ

ಅಮ್ಮಾವ್ರೇ, ನೀವು ಅನುಭವದಲ್ಲಿ ಕಂಡುಕೊಂಡಿದ್ದನ್ನ ಸಂಶೋಧನೆ ತಡವಾಗಿ ಕಂಡುಕೊಂಡಿದೆ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಗಮನದ ಒಂದು ಚೂರು ಹಳೇದರಲ್ಲೇ ಅಂಟಿಕೊಂಡಿರುತ್ತೆ ಅಂತ ಸೋಫಿ ಲೆರಾಯ್ 2009ರಲ್ಲಿ ತೋರಿಸಿದರು. 2018ರಲ್ಲಿ ಅವರೇ ಇನ್ನೊಬ್ಬರ ಜೊತೆ ಸೇರಿ, ಏಳೋ ಮುಂಚೆ "ಎಲ್ಲಿ ನಿಂತಿದೆ, ಬಂದ ಮೇಲೆ ಏನು" ಅಂತ ಎರಡು ಸಾಲು ಬರೆದಿಟ್ಟರೆ ಆ ಅಂಟು ಕಡಿಮೆಯಾಗುತ್ತೆ ಅಂತಲೂ ಕಂಡುಕೊಂಡರು. ನಿಮ್ಮ ಮೂರು ಪದ ಅದೇ.

ಅಂದ ಹಾಗೆ 25 ನಿಮಿಷದ್ದು ಸಹ ಯಾವ ಪ್ರಯೋಗಾಲಯದಿಂದಲೂ ಬಂದದ್ದಲ್ಲ. 1980ರ ದಶಕದ ಕೊನೆಗೆ ಫ್ರಾಂಚೆಸ್ಕೊ ಚಿರಿಲ್ಲೊ ಅನ್ನೋ ಇಟಲಿಯ ವಿದ್ಯಾರ್ಥಿ ಓದೋಕಾಗದೆ ಒದ್ದಾಡ್ತಾ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಕೊಂಡು ಶುರು ಮಾಡಿದ್ದು. ಅವನಿಗೆ ಒಗ್ಗಿದ ಅಳತೆ ಅದು. ನಿಮಗೆ ಎಂಟು ನಿಮಿಷ ಇರಬಹುದು, ಗೂಬೆಯವರಿಗೆ ತೊಂಬತ್ತು ಇರಬಹುದು.

ಸಾವಕಾಶ

ಎಲ್ಲಾರ ಮಾತೂ ಓದಿದೆ. ನನಗ ಒಂದ ತಿಳೀಲಿಲ್ಲ ನೋಡ್ರಿ. ರಾತ್ರಿ ಹತ್ತಕ್ಕ ತಲಿ ಬಿಚ್ಚಿಕೊಳ್ತದ ಅಂದ್ರಿ. ಆ ಹತ್ತಕ್ಕ ನಿಮ್ಮ ತಲಿಯೊಳಗ ಏನರ ಆಗ್ತದೋ, ಇಲ್ಲಾ ಹತ್ತಕ್ಕ ಉಳದವರೆಲ್ಲಾ ಬಾಯಿ ಮುಚ್ಚತಾರೋ? ಎರಡೂ ಬ್ಯಾರೆ ಬ್ಯಾರೆ. ಮೊದಲನೇದಿದ್ರ ನಿದ್ದಿ ಲೆಕ್ಕ ನೋಡಬೇಕು, ಎರಡನೇದಿದ್ರ ಫೋನ್ ಲೆಕ್ಕ ನೋಡಬೇಕು. ಹಗಲಿನ್ಯಾಗ ಎಷ್ಟ ಮಂದಿ ನಿಮಗ ಮೆಸೇಜ್ ಹಾಕ್ತಾರ, ಒಮ್ಮೆರ ಎಣಿಸೀರೇನು?

ಮಧ್ಯರಾತ್ರಿ_ಗೂಬೆ

ಎಣಿಸಿಲ್ಲ. ಈ ಪ್ರಶ್ನೆ ಓದಿ ಐದು ನಿಮಿಷ ಸುಮ್ನೆ ಕೂತಿದ್ದೆ.

ಸರಿ, ಎರಡು ವಾರ ಎಲ್ಲ ಬರೆದಿಡ್ತೀನಿ. ಅರ್ಧ ಗಂಟೆಗೊಮ್ಮೆ ಬರೀಬೇಕಾ, ಕೆಲಸ ಬದಲಾದಾಗಲೆಲ್ಲ ಬರೀಬೇಕಾ? ಆ್ಯಪ್ ಯಾವುದು ಒಳ್ಳೇದು?

ನಿವೃತ್ತ_ಮೇಷ್ಟ್ರು

ಆ್ಯಪ್ ಬೇಡಪ್ಪಾ. ಆ್ಯಪ್ ಹುಡುಕುವುದರಲ್ಲೇ ಮೊದಲ ವಾರ ಕಳೆಯುತ್ತೀರಿ, ನಿಮ್ಮ ಕ್ಯಾಲೆಂಡರ್ ಬಣ್ಣದ ಕಥೆ ಕೇಳಿದ್ದೇನೆ. ಒಂದು ನೋಟ್‌ಬುಕ್, ಒಂದು ಪೆನ್ನು. ಕೆಲಸ ಬದಲಾದಾಗ ಗಂಟೆ ಬರೆಯಿರಿ, ಯಾಕೆ ಬದಲಾಯಿತು ಎಂದು ಒಂದು ಪದ ಬರೆಯಿರಿ: ಫೋನು, ಬೇಸರ, ಹಸಿವು, ಭಯ, ಮುಗಿಯಿತು. ಆ "ಯಾಕೆ"ಯೇ ಮುಖ್ಯ. ಗಂಟೆಗಳನ್ನು ಯಾವ ಯಂತ್ರವಾದರೂ ಎಣಿಸೀತು.

ಇನ್ನೊಂದು. ಈ ಎರಡು ವಾರ ಸುಧಾರಿಸಲು ಹೋಗಬೇಡಿ. ತನಿಖಾಧಿಕಾರಿ ಬರುವ ದಿನ ಶಾಲೆ ಹೇಗೆ ತೊಳೆದಿಟ್ಟ ಹಾಗಿರುತ್ತದೋ, ನೋಟ್‌ಬುಕ್ ಎದುರಿಗಿದ್ದರೆ ನಾವೂ ಹಾಗೆ ಆಗುತ್ತೇವೆ. ಮೊದಲ ಮೂರು ದಿನದ ಲೆಕ್ಕ ಹರಿದು ಹಾಕಿ, ಅದು ನಿಮ್ಮದಲ್ಲ.

ಗಡಿಯಾರದ_ಮುಳ್ಳು

ಅಂದಾಜಿನ ಕಾಲಂ ಮರೀಬೇಡಿ.

ಮಧ್ಯರಾತ್ರಿ_ಗೂಬೆ (ಹದಿನೇಳು ದಿನದ ನಂತರ)

ಬಂದೆ. ಮೇಷ್ಟ್ರು ಹೇಳಿದ ಹಾಗೆ ಮೊದಲ ಮೂರು ದಿನ ಕಿತ್ತು ಹಾಕಿದೆ (ಆ ಮೂರು ದಿನ ನಾನು ಆದರ್ಶ ನೌಕರ). ಉಳಿದ ಹದಿನಾಲ್ಕು ದಿನದ ಲೆಕ್ಕ ಇದು.

ಬೆಳಗ್ಗೆ ಒಂಬತ್ತರಿಂದ ಸಂಜೆ ಆರರ ನಡುವೆ ತಡೆಯಿಲ್ಲದೆ ಬರೆದ ಅತಿ ಉದ್ದದ ಹೊತ್ತು 22 ನಿಮಿಷ. ಹದಿನಾಲ್ಕು ದಿನಕ್ಕೆ ಅದೇ ದಾಖಲೆ. "ಯಾಕೆ" ಕಾಲಂ ತುಂಬ ಒಂದೇ ಪದ, ಮೆಸೇಜ್. ಅದರಲ್ಲಿ ಮುಕ್ಕಾಲು ಪಾಲು ನನಗೆ ಬಂದದ್ದೇ ಅಲ್ಲ, ಗುಂಪಿಗೆ ಬಂದದ್ದು, ನಾನು ಸುಮ್ನೆ ನೋಡಿದ್ದು. ಬೈಯೋಕೆ ಬೇರೆ ಯಾರೂ ಇಲ್ಲ.

ಈಗ ಮಜಾ ನೋಡಿ. ನಡುವೆ ಒಂದು ದಿನ ಆಫೀಸಿನ ಸರ್ವರ್ ಕೆಟ್ಟು ಮಧ್ಯಾಹ್ನದವರೆಗೆ ಯಾರೂ ಯಾರಿಗೂ ಏನೂ ಕಳಿಸೋಕಾಗಲಿಲ್ಲ. ಅವತ್ತು ಒಂಬತ್ತೂವರೆಗೆ ಕೂತವನು ಹನ್ನೆರಡಕ್ಕೆ ತಲೆ ಎತ್ತಿದೆ. ಅಧ್ಯಾಯ ಮುಗಿದಿತ್ತು, ಬೆಳಗ್ಗೆ! ಅಲಾರಂ ಇಲ್ಲದ ದಿನಗಳಲ್ಲಿ ಎಚ್ಚರ ಆಗಿದ್ದು ಏಳು, ಏಳೂಕಾಲಕ್ಕೆ. ಅಂದರೆ ನಾನು ಗೂಬೆ ಅಲ್ಲವೇ ಅಲ್ಲ. ಐದು ವರ್ಷ ಗೂಬೆ ಅಂತ ನಂಬಿಕೊಂಡು, ಅದಕ್ಕೆ ತಕ್ಕ ಹಾಗೆ ನಿದ್ದೆ ಕೆಡಿಸ್ಕೊಂಡು, ಅದೇ ಹೆಸರಲ್ಲಿ ಇಲ್ಲಿ ಖಾತೆ ಬೇರೆ ತೆರೆದಿದ್ದೀನಿ. ಸಾವಕಾಶ ಅವರೇ, ನಿಮಗೆ ಅಡ್ಡಬಿದ್ದೆ.

ಅಂದಾಜು: ಎರಡು ಗಂಟೆ ಅಂದಿದ್ದು ಸರಾಸರಿ ನಾಲ್ಕೂವರೆ. ಗುಣಕ 2.25. ಹೊಸದಾಗಿ ಬರೆಯೋದಕ್ಕೆ ಅಷ್ಟಿಲ್ಲ, ತಿದ್ದೋದಕ್ಕೆ ಇನ್ನೂ ಹೆಚ್ಚು.

ಈ ತಿದ್ದೋದರ ವಿಷಯ ಹೇಳೋಕೆ ಸ್ವಲ್ಪ ಮುಜುಗರ. ಎಂಜಿನಿಯರುಗಳು ನನ್ನ ಕರಡಿನ ಮೇಲೆ ಟಿಪ್ಪಣಿ ಹಾಕಿ ಕಳಿಸ್ತಾರೆ. ನೋಟ್‌ಬುಕ್‌ನಲ್ಲಿ ಐದು ದಿನ ಸಾಲಾಗಿ ಒಂದೇ ಸಾಲು ಇದೆ: "ಟಿಪ್ಪಣಿ ಫೈಲ್ ತೆರೆದೆ. ಮುಚ್ಚಿದೆ." ಯಾಕೆ ಅನ್ನೋ ಕಡೆ ಮೊದಲ ದಿನ "ಸಮಯ ಇಲ್ಲ" ಅಂತ ಬರೆದಿದ್ದೆ. ಐದನೇ ದಿನ "ಭಯ" ಅಂತ ಬರೆದೆ. ಒತ್ತಡದಲ್ಲಿ ಅರಳ್ತೀನಿ ಅಂತ ಆ ಬಣ್ಣದ ಪರೀಕ್ಷೆ ಹೇಳಿದ್ದು ಇದನ್ನೇ ಇರಬೇಕು. ಅರಳೋದೂ ಇಲ್ಲ, ಏನೂ ಇಲ್ಲ. ಕೊನೇ ದಿನ ಹೆದರೋಕೆ ಸಮಯ ಇರಲ್ಲ, ಅಷ್ಟೇ.

ಅರ್ಧ_ಓದಿದವ

ಅದ್ಭುತ. ಮೆಸೇಜ್ ಬಗ್ಗೆ ಒಂದು ವಿಷಯ, ನೀವು ನಿರೀಕ್ಷಿಸಿದ್ದು ಇರಲಿಕ್ಕಿಲ್ಲ. ಗ್ಲೋರಿಯಾ ಮಾರ್ಕ್ ಮತ್ತವರ ತಂಡ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಡುವೆ ಅಡ್ಡಿಗೆ ಒಳಗಾದವರು ಕೆಲಸವನ್ನ ನಿಧಾನವಾಗಿ ಅಲ್ಲ, ಇನ್ನೂ ಬೇಗ ಮುಗಿಸಿದರು. ಕಳೆದ ಹೊತ್ತನ್ನ ಸರಿದೂಗಿಸೋಕೆ ಓಡಿದರು. ಬೆಲೆ ತೆತ್ತಿದ್ದು ಬೇರೆ ಕಡೆ: ಒತ್ತಡ, ಕಿರಿಕಿರಿ, ಪ್ರಯಾಸ ಎಲ್ಲಾ ಏರಿತ್ತು. ಹಾಗಾಗಿ "ಕೆಲಸ ಮುಗೀತಲ್ಲ, ಯಾರೂ ಬೈದಿಲ್ಲ" ಅನ್ನೋದು ನಿಮ್ಮ ದಿನ ಚೆನ್ನಾಗಿದೆ ಅನ್ನೋಕೆ ಸಾಕ್ಷಿ ಅಲ್ಲ.

ಗಡಿಯಾರದ_ಮುಳ್ಳು

ಒಂದು ಎಚ್ಚರಿಕೆ. 2.25 ಸಿಕ್ಕಿತು ಅಂತ ಎಲ್ಲದಕ್ಕೂ 2.25 ಪಟ್ಟು ಸಮಯ ಕೇಳಬೇಡಿ. ಕೆಲಸ ಕೊಟ್ಟಷ್ಟು ಸಮಯವನ್ನೂ ತುಂಬಿಕೊಳ್ಳುತ್ತೆ ಅಂತ ಪಾರ್ಕಿನ್ಸನ್ ಅನ್ನೋ ಬ್ರಿಟಿಷ್ ಲೇಖಕ 1955ರಲ್ಲಿ ಬರೆದದ್ದು ಸರ್ಕಾರಿ ಕಚೇರಿಗಳನ್ನ ಗೇಲಿ ಮಾಡೋಕೆ. ಅಣ್ಣನ ಮಗಳಿಗೆ ಒಂದು ಪೋಸ್ಟ್‌ಕಾರ್ಡ್ ಬರೆಯೋಕೆ ಇಡೀ ದಿನ ತಗೊಳ್ಳೋ ಅಜ್ಜಿಯ ಉದಾಹರಣೆ ಅದರಲ್ಲಿ ಬರುತ್ತೆ. (ಅಣ್ಣನ ಮಗಳೋ ಅಕ್ಕನ ಮಗಳೋ, ಇಂಗ್ಲಿಷಿನವರಿಗೆ ಎಲ್ಲಾ ಒಂದೇ ಪದ.) ಗೇಲಿ ಆದರೂ ನನ್ನ ಅನುಭವದಲ್ಲಿ ಬಹಳ ಸಲ ನಿಜ. ತಿದ್ದುವ ಕೆಲಸಕ್ಕೆ ಹೆಚ್ಚು ಸಮಯ ಬೇಡ ನಿಮಗೆ. ಫೈಲ್ ತೆರೆದ ಮೇಲೆ ಮುಚ್ಚದೇ ಇರೋ ಮೊದಲ ಹತ್ತು ನಿಮಿಷ ಬೇಕು.

ನಿವೃತ್ತ_ಮೇಷ್ಟ್ರು

ಆ ಹತ್ತು ನಿಮಿಷಕ್ಕೆ ಒಂದು ಉಪಾಯ. ಮೊದಲು ಅತ್ಯಂತ ಸುಲಭದ ಟಿಪ್ಪಣಿ ತಿದ್ದಿ, ಅಕ್ಷರದೋಷದಂಥದ್ದು. ಹೆದರಿದ ಹುಡುಗನನ್ನು ಬೋರ್ಡಿಗೆ ಕರೆದಾಗ ಮೊದಲು ಅವನಿಗೆ ಖಂಡಿತ ಗೊತ್ತಿರುವ ಲೆಕ್ಕವನ್ನೇ ಕೊಡುತ್ತಿದ್ದೆ.

ಸಾವಕಾಶ

ಅಡ್ಡಗಿಡ್ಡ ಬೀಳಬ್ಯಾಡ್ರಿ. ಮೆಸೇಜಿಗೆ ಏನ ಮಾಡಿದ್ರಿ, ಅದನ್ನ ಹೇಳ್ರಿ. ಗೊತ್ತಾದಷ್ಟಕ್ಕ ಬದಲಾಗೂದಿಲ್ಲ.

ಮಧ್ಯರಾತ್ರಿ_ಗೂಬೆ

ನೋಟ್‌ಬುಕ್ಕನ್ನೇ ಒಯ್ದು ನಮ್ಮ ಮೇಲಿನವರಿಗೆ ತೋರಿಸಿದೆ. "ಬೆಳಗ್ಗೆ ಎರಡೂವರೆ ಗಂಟೆ ಚಾಟ್ ಮುಚ್ಚಿಡ್ತೀನಿ, ತುರ್ತಿದ್ದರೆ ಫೋನ್ ಮಾಡಿ" ಅಂದೆ. ಅವರ ದಿನ ಪೂರ್ತಿ ಮೀಟಿಂಗ್, ಅವರಿಗೆ ಅರ್ಧ ಗಂಟೆ ಅಂದರೆ ಒಂದು ಮೀಟಿಂಗಿನ ಲೆಕ್ಕ. ನನಗೆ ಅದೇ ಅರ್ಧ ಗಂಟೆ ನಡುವೆ ಬಂದರೆ ಇಡೀ ಬೆಳಗ್ಗೆ ಎರಡು ತುಂಡು. ಅದನ್ನ ಅರ್ಥ ಮಾಡಿಸೋಕೆ ಸಮಯ ಹಿಡೀತು. ಕೊನೆಗೆ ಮಂಗಳವಾರ, ಗುರುವಾರ ಮಾತ್ರ ಮಾಡಿ ನೋಡು ಅಂದರು. ಉಳಿದ ಮೂರು ದಿನ ಹಳೇ ಕಥೆಯೇ. ಮೊದಲ ಗುರುವಾರ ನಾನೇ ಚಾಟ್ ತೆರೆದು ನೋಡಿದೆ, ನಾಲ್ಕು ಸಲ, ಯಾರೂ ಏನೂ ಕಳಿಸಿರಲಿಲ್ಲ.

ಆತುರಗಾರ

ನಾಲ್ಕೇ ಸಲನಾ? ನಾನು ಇದನ್ನ ಓದ್ತಾ ಓದ್ತಾ ಎರಡು ಮೇಲ್‌ಗೆ ಉತ್ತರ ಕೊಟ್ಟೆ.

ಎರಡು_ಮಕ್ಕಳ_ಅಮ್ಮ

ಗೂಬೆಯವರು ಬರೀತಿದ್ದಾರೆ ಅಂತ ನಾನೂ ಶುರು ಮಾಡಿದ್ದೆ. ನಾಲ್ಕು ದಿನ ಬರೆದೆ, ಐದನೇ ದಿನ ಆ ಹಾಳೆ ಮೇಲೆ ಚಿಕ್ಕವನು ಆನೆ ಬರೆದಿದ್ದ.

ನಾಲ್ಕು ದಿನದ್ದೇ ಸಾಕಾಯ್ತು. ಒಂದು ದಿನಕ್ಕೆ ಮೂವತ್ತೊಂದು ಸಲ ಎದ್ದಿದ್ದೆ. ಅದನ್ನ ಯಾರಿಗೂ ತೋರಿಸಬೇಕು ಅಂತಿರಲಿಲ್ಲ, ಮೇಜಿನ ಮೇಲೆ ಬಿಟ್ಟಿದ್ದೆ. ನಮ್ಮನೆಯವರು ಓದಿದರು. ಏನೂ ಅನ್ನಲಿಲ್ಲ. ಶನಿವಾರ ಬೆಳಗ್ಗೆ ಅವರ ಅಮ್ಮನ ಔಷಧಿ ಎಲ್ಲಾ ಕೊಟ್ಟು, ಮಕ್ಕಳಿಬ್ಬರನ್ನೂ ಕರ್ಕೊಂಡು ಹೊರಗೆ ಹೋದರು, ಹನ್ನೊಂದಕ್ಕೆ ಬರ್ತೀವಿ ಅಂತ.

ಎರಡು ಗಂಟೆ. ಫೈಲ್ ತೆರೆದಿಟ್ಟು ಮೊದಲ ಅರ್ಧ ಗಂಟೆ ಯಾರೋ ಕರೀತಾರೆ ಅಂತ ಕಾಯ್ತಾ ಕೂತಿದ್ದೆ.